ಉತ್ತರ, ದಕ್ಷಿಣ ಮತ್ತು ಭಾವ

ನಿನ್ನೆ ಸಂಜೆ ಎಣಿಸಿ ನೋಡಿದೆ. 44 ಇರಬೇಕಾದಲ್ಲಿ 39 ಇದ್ದವು. ಅಯಸ್ಕಾಂತಗಳನ್ನು ಎಣಿಸುವುದು ಸುಲಭದ ಕೆಲಸವಲ್ಲ. ಬಟ್ಟೆಯ ಮಡಿಕೆಯೊಳಗೆ ಹೊಲಿದಿಟ್ಟಿದ್ದರೂ ಒಂದನ್ನು ಮುಟ್ಟುವಷ್ಟರಲ್ಲಿ ಎದುರಿನದು ಬಟ್ಟೆ ಸಮೇತ ಹಾರಿ ಬಂದು ಅದಕ್ಕೆ ಕಚ್ಚಿಕೊಂಡು ಲೆಕ್ಕ ತಪ್ಪಿಸುತ್ತದೆ. ಮೂರನೆಯ ಸಲ ಎಣಿಸಿದಾಗಲೂ 39. ಈ ಮನೆಯಲ್ಲಿ ಅವುಗಳ ಮೇಲೆ ಕಣ್ಣಿಟ್ಟವರು ಒಬ್ಬರೇ: ಭಾವ.

ಮೊದಲಿನಿಂದಲೇ ಹೇಳುತ್ತೇನೆ. ಹೋದ ವರ್ಷ ದುಡ್ಡು ಕೊಟ್ಟು ಒಂದು ಹ್ಯಾಮಕ್ ಕೊಂಡೆ. ಸೊಳ್ಳೆಪರದೆಯೂ ಅದಕ್ಕೇ ಜೋಡಿಸಿದ್ದು. ಮಡಿಚಿದರೆ ತೆಂಗಿನಕಾಯಿಯಷ್ಟು, ಬಿಚ್ಚಿದರೆ ಆಳುದ್ದ. ಆದರೆ ಬೆಂಗಳೂರಿನಲ್ಲಿ ಹತ್ತು ಹನ್ನೆರಡು ಅಡಿ ಅಂತರದಲ್ಲಿ ಎರಡು ಮರ ಬಿಡುವಾಗಿ ಸಿಗುವುದಿಲ್ಲ. ಸಿಕ್ಕರೆ ಒಂದಕ್ಕೆ ಕೇಬಲ್ಲಿನ ಸುರುಳಿ, ಇನ್ನೊಂದಕ್ಕೆ ಬಾಡಿಗೆ ಕೋಣೆಯ ಜಾಹೀರಾತು. ಹಾಗಾಗಿ ಅದು ಶಿರಸಿ ಹತ್ತಿರದ ಅಕ್ಕನ ಮನೆಯ ಅಂಗಳ ಸೇರಿತು. ಒಂದು ತುದಿ ಹಲಸಿಗೆ, ಇನ್ನೊಂದು ಮಾವಿಗೆ.

"ಇದು ಜೋಲಿಯಲ್ಲವೇನೋ? ನಿನ್ನನ್ನು ಅಮ್ಮನ ಹಳೆಯ ಸೀರೆಯಲ್ಲಿ ಹೀಗೇ ತೂಗುತ್ತಿದ್ದೆವು. ಅದಕ್ಕೆ ಯಾರೂ ದುಡ್ಡು ಕೊಟ್ಟಿರಲಿಲ್ಲ" ಎಂದಳು ಅಕ್ಕ.

ಕೆರಿಬಿಯನ್ ದ್ವೀಪಗಳ ಟೈನೊ ಜನ ಇದರಲ್ಲಿ ಮಲಗುತ್ತಿದ್ದುದು, ಕೊಲಂಬಸ್‌ನ ಕಡೆಯವರು ಅದನ್ನು ಕಂಡು ಬೆರಗಾದದ್ದು, ಆಮೇಲೆ ಹಡಗುಗಳಲ್ಲಿ ನಾವಿಕರ ಹಾಸಿಗೆಯೇ ಇದಾದದ್ದು, ಎಲ್ಲವನ್ನೂ ವಿವರಿಸಿದೆ. "ಹಾಗಾದರೆ ಅಲ್ಲಿಯೂ ಮಕ್ಕಳು ಅಳುತ್ತಿದ್ದವು ಅನ್ನು" ಎಂದು ಅವಳು ಒಳಗೆ ಹೋದಳು.

ಮಲಗುವುದಕ್ಕೂ ಒಂದು ಕ್ರಮವಿದೆ. ನೇರ ಮಲಗಿದರೆ ಮೈ ಬಾಳೆಹಣ್ಣಾಗುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ಬೆನ್ನು ಸಪಾಟು. ಇದನ್ನು ಬೇಗ ಕಲಿತೆ. ಕಲಿಯಲಾಗದ್ದು ಜಿಪ್ಪು. ಹಗಲೆಲ್ಲ ಬೆಣ್ಣೆಯಂತೆ ಸರಿದಾಡುವ ಜಿಪ್ಪು ರಾತ್ರಿ ಎರಡು ಗಂಟೆಗೆ ಸರಿಯಾಗಿ ಪರದೆಯ ಬಟ್ಟೆಯನ್ನು ನುಂಗಿ ಕೂರುತ್ತದೆ. ನನ್ನ ವಯಸ್ಸಿನವರಿಗೆ ಎರಡು ಗಂಟೆಯ ಕರೆ ಎಂಥದ್ದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದು ಕಾಯುವ ಕರೆಯಲ್ಲ. ಜೋಲಿಯಲ್ಲಿ ಎದ್ದು ಕೂರಲೂ ಆಗುವುದಿಲ್ಲ, ತಲೆ ಎತ್ತಿದರೆ ಕಾಲೂ ಏಳುತ್ತದೆ. ಆ ರಾತ್ರಿ ಬಲೆಗೆ ಬಿದ್ದ ಮೀನಿನಂತೆ ಹೊರಳಾಡಿ, ಕೊನೆಗೆ ಜಿಪ್ಪನ್ನು ಹರಿದೇ ಹೊರಬಂದೆ. ಅದು ಮತ್ತೆ ಕೂಡಲಿಲ್ಲ.

ಜಿಪ್ಪಿನ ಜಾಗಕ್ಕೆ ಅಯಸ್ಕಾಂತ ಹೊಲಿದರೆ ಹೇಗೆ ಎಂಬ ಯೋಚನೆ ಬಂದದ್ದು ಆಮೇಲೆ. ಕೈಯಿಂದ ತಳ್ಳಿದರೆ ತೆರೆಯಬೇಕು, ಬಿಟ್ಟರೆ ತಾನೇ ಮುಚ್ಚಿಕೊಳ್ಳಬೇಕು. ನಿಯೋಡಿಮಿಯಂ ಅಯಸ್ಕಾಂತಗಳನ್ನು ತರಿಸಿದೆ. 10 ಮಿಲಿಮೀಟರ್ ಅಗಲ, 2 ಮಿಲಿಮೀಟರ್ ದಪ್ಪ, ಅಂಗಿಯ ಗುಂಡಿಯಷ್ಟು. ಒಂದರ ಮೇಲೊಂದು ಅಂಟಿ ಪೆಪ್ಪರ್‌ಮಿಂಟಿನ ಸುರುಳಿಯ ಹಾಗೆ ಬಂದವು. ಬಿಡಿಸುವಾಗ ಎರಡರ ನಡುವೆ ಹೆಬ್ಬೆರಳಿನ ತೊಗಲು ಸಿಕ್ಕಿತು. ಅಲ್ಲಿ ಎದ್ದ ರಕ್ತದ ಬೊಕ್ಕೆ ಈಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ.

"ಇಷ್ಟು ಚಿಕ್ಕದರಲ್ಲಿ ಇಷ್ಟು ಜೋರು ಎಲ್ಲಿಂದ?" ಎಂದು ಭಾವ ಕೇಳಿದರು. 1980ರ ದಶಕದಲ್ಲಿ ಜಪಾನಿನಲ್ಲೊಬ್ಬರು, ಅಮೆರಿಕದಲ್ಲೊಬ್ಬರು ಬೇರೆ ಬೇರೆಯಾಗಿ ಕಂಡುಹಿಡಿದದ್ದು, ನಿಯೋಡಿಮಿಯಂ, ಕಬ್ಬಿಣ ಮತ್ತು ಬೋರಾನ್ ಸೇರಿ ಆದದ್ದು ಎಂದೆ.

"ಕಬ್ಬಿಣವಿದ್ದರೆ ತುಕ್ಕು ಹಿಡಿಯುತ್ತದೆ."

"ಮೇಲೆ ನಿಕ್ಕಲ್ ಲೇಪವಿದೆ, ಭಾವ."

"ನಮ್ಮ ಮಳೆಗಾಲ ನೀನು ಮರೆತಿದ್ದೀಯ" ಎಂದರು. ಎರಡು ಅಯಸ್ಕಾಂತಗಳು ರಪ್ಪನೆ ಹೊಡೆದುಕೊಂಡಾಗ ಲೇಪ ಸೀಳುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಪರದೆಯ ಅಂಚಿನಲ್ಲಿ ಈಗಾಗಲೇ ಮೂರು ಕಡೆ ಕಾಫಿ ಬಣ್ಣದ ಕಲೆಗಳಿವೆ. ಭಾವನಿಗೆ ತೋರಿಸಿಲ್ಲ.

ಅಕ್ಕನ ಹೊಲಿಗೆ ಯಂತ್ರದ ಬಳಿ ಒಯ್ದರೆ, ಪರದೆ ಹೋಗಿ ಯಂತ್ರದ ಮೈಗೇ ಅಂಟಿಕೊಂಡು ಕುಳಿತಿತು. ಕೈಯಲ್ಲೇ ಹೊಲಿಯೋಣವೆಂದರೆ ಪ್ರತಿ ಹೊಲಿಗೆಗೂ ಸೂಜಿ ಅಯಸ್ಕಾಂತದ ಕಡೆಗೆ ಓಡುತ್ತಿತ್ತು. ಉತ್ತರ ಮುಖ ಯಾವುದು, ದಕ್ಷಿಣ ಮುಖ ಯಾವುದು ಎಂದು ಸ್ಕೆಚ್ ಪೆನ್ನಿನಲ್ಲಿ ಗುರುತು ಹಾಕಿಕೊಂಡಿದ್ದೆ. ಬೆವರಿಗೆ ಗುರುತು ಅಳಿಸಿತು. ಇರಲಿ, ಅಂದಾಜಿದೆಯಲ್ಲ ಎಂದು ಮುಂದುವರಿದೆ.

ಆ ರಾತ್ರಿ ಒಳಗೆ ಮಲಗಿ ಪರದೆ ಬಿಟ್ಟೆ. ಟಕ ಟಕ ಟಕ ಎಂದು ಕಾಲಿನ ಕಡೆಯಿಂದ ಮುಚ್ಚುತ್ತಾ ಬಂತು. ಕೇಳಲು ಹಿತವಾಗಿತ್ತು. ಎದೆಯವರೆಗೆ ಬಂದು ನಿಂತಿತು. ತಲೆಯ ಕಡೆಯ ಐದು ಜೋಡಿಗಳು ಒಂದನ್ನೊಂದು ಕಂಡದ್ದೇ ಮುಖ ತಿರುಗಿಸಿಕೊಂಡವು. ಹಿಡಿದು ಒತ್ತಿದರೆ ಬಟ್ಟೆಯೊಳಗೇ ಮಗ್ಗುಲು ಬದಲಿಸಿ ಜಾರುತ್ತಿದ್ದವು, ಪಾಲು ಪಟ್ಟಿಯ ದಿನ ಒಂದೇ ಜಗಲಿಯಲ್ಲಿ ಕೂರಿಸಿದ ದಾಯಾದಿಗಳಂತೆ. ನನ್ನ ಮೂಗಿನ ನೇರಕ್ಕೆ ಪರದೆ ಬಾಯಿ ಕಳೆದುಕೊಂಡು ನಿಂತಿತು. ಸೊಳ್ಳೆಗಳು ಅಲ್ಲಿಂದ ಒಳಬಂದವು. ಬಂದವುಗಳಿಗೆ ಹೊರಗೆ ಹೋಗುವ ದಾರಿ ಕಾಣಲಿಲ್ಲ, ಅಥವಾ ಹೋಗುವ ಮನಸ್ಸಿರಲಿಲ್ಲ. ಬಿಚ್ಚಿ ಮತ್ತೆ ಹೊಲಿಯಲು ಹೆಬ್ಬೆರಳು ಒಪ್ಪಲಿಲ್ಲವಾದ್ದರಿಂದ ಮರುದಿನದಿಂದ ಅಲ್ಲಿಗೆ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಸಿಕ್ಕಿಸಿದೆ.

ಇಷ್ಟಾದರೂ ತಡೆದುಕೊಳ್ಳಬಹುದಿತ್ತು. ತಡೆಯಲಾಗದ್ದು ಭಾವನ "ಹಿಡಿಯುತ್ತದೆಯೋ ನೋಡೋಣ". ಹೊಲಿಯದೆ ಉಳಿದ ಒಂದು ಅಯಸ್ಕಾಂತವನ್ನು ಅವರ ಕೈಗೆ ಕೊಟ್ಟದ್ದು ನನ್ನ ತಪ್ಪು. ಬಾಗಿಲ ಚಿಲಕ, ಹಿಡಿಯಿತು. ಅಡಕತ್ತರಿ, ಹಿಡಿಯಿತು. ದೇವರ ಗಂಟೆ, ಹಿಡಿಯಲಿಲ್ಲ. ಗಂಟೆಯ ನಾಲಿಗೆ, ಹಿಡಿಯಿತು. ಅರ್ಧ ದಿನ ಈ ಸಂಶೋಧನೆ ನಡೆಯಿತು. ಮಧ್ಯಾಹ್ನದ ಊಟವಾದ ಮೇಲೆ ಅವರಿಗೆ ಪಾತ್ರೆ ಅಂಗಡಿಗಳಲ್ಲಿ ಕೇಳಿದ ಮಾತು ನೆನಪಾಯಿತು: ಅಯಸ್ಕಾಂತ ಅಂಟಿದರೆ ಅದು ಅಸಲಿ ಸ್ಟೀಲ್ ಅಲ್ಲ.

ನಾನು ಅಡುಗೆಮನೆಗೆ ಹೋಗುವ ಹೊತ್ತಿಗೆ ಅಟ್ಟದ ಪಾತ್ರೆಗಳೆಲ್ಲ ನೆಲಕ್ಕಿಳಿದಿದ್ದವು. ಭಾವ ಚಕ್ಕಂಬಕ್ಕಳ ಹಾಕಿ ಕುಳಿತು ಒಂದೊಂದನ್ನೇ ಮುಟ್ಟಿ ನೋಡಿ ಎಡಕ್ಕೋ ಬಲಕ್ಕೋ ಇಡುತ್ತಿದ್ದರು. ಬಲಕ್ಕೆ ಅಸಲಿ, ಎಡಕ್ಕೆ ನಕಲಿ. ಎಡಗಡೆಯ ರಾಶಿಯಲ್ಲಿ ಎಲ್ಲಕ್ಕಿಂತ ಮೇಲೆ ಕುಳಿತಿದ್ದದ್ದು ಅಪ್ಪ ಅಕ್ಕನ ಮದುವೆಗೆ ಕೊಟ್ಟ ದೊಡ್ಡ ಡಬರಿ. ಅದರ ಕೊರಳಿನಲ್ಲಿ ಚುಕ್ಕಿ ಅಕ್ಷರಗಳಲ್ಲಿ ಅಪ್ಪನ ಹೆಸರು, ನಮ್ಮ ಊರು, ಮದುವೆಯ ತಾರೀಕು. ಅಪ್ಪನ ಹೆಸರಿನ ಮೇಲೆಯೇ ಅಯಸ್ಕಾಂತ ಕಚ್ಚಿಕೊಂಡಿತ್ತು.

"ಮಾವನವರು ಮೋಸಹೋಗಿದ್ದಾರೆ ಪಾಪ" ಎಂದರು ಭಾವ. ದನಿಯಲ್ಲಿ ಮರುಕವಿತ್ತು. ಮರುಕವೇ ಹೆಚ್ಚು ಉರಿಸಿತು.

ಬಲಗಡೆಯ ರಾಶಿಯ ಶಿಖರದಲ್ಲಿ ಭಾವ ಸ್ವತಃ ಹಳೆಯ ಪ್ಯಾಂಟುಗಳನ್ನು ಕೊಟ್ಟು ಬೀದಿಯ ವ್ಯಾಪಾರಿಯಿಂದ ಪಡೆದ ಬೋಗುಣಿ. ಅದಕ್ಕೆ ಅಂಟಲಿಲ್ಲ, ಆದ್ದರಿಂದ ಅಸಲಿ. ಅದರ ತಳದಲ್ಲಿ ಉಪ್ಪಿನಕಾಯಿ ಕೊರೆದ ಕಂದು ಚುಕ್ಕೆಗಳಿದ್ದವು.

ನಾನು ಕುಳಿತುಕೊಂಡೆ. 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ನಿಜ. ನಿಕ್ಕಲ್ ಇಲ್ಲದ್ದಕ್ಕೆ ಅಂಟುತ್ತದೆ, ಆದರೆ ತುಕ್ಕು ತಡೆಯುವುದು ಕ್ರೋಮಿಯಂ, ಆದ್ದರಿಂದ ಅದೂ ಸ್ಟೇನ್‌ಲೆಸ್ಸೇ. ನಿಕ್ಕಲ್ ದುಬಾರಿ ಎಂದು ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿದ ಅಗ್ಗದ ಸ್ಟೀಲೂ ಇದೆ. ಅದಕ್ಕೂ ಅಯಸ್ಕಾಂತ ಅಂಟುವುದಿಲ್ಲ, ಆದರೆ ಉಪ್ಪು ಹುಳಿಗೆ ಅದು ಬೇಗ ಸೋಲುತ್ತದೆ. ಇಷ್ಟನ್ನೂ ಹೇಳಿ, ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ಅಯಸ್ಕಾಂತಕ್ಕೆ ಹಿಡಿದೆ. ಟಕ್ ಎಂದು ಅಂಟಿತು. "ನೋಡಿ, ಇದೂ ನಿಕ್ಕಲ್ ಇಲ್ಲದ ಸ್ಟೇನ್‌ಲೆಸ್ ಸ್ಟೀಲೇ. ಸರ್ಕಾರದ ರೂಪಾಯಿ ನಕಲಿಯೇ?"

"ಸರ್ಕಾರದ ಮಾತು ಬಿಡು" ಎಂದರು ಭಾವ.

ಅಕ್ಕ ಏನೂ ಹೇಳಲಿಲ್ಲ. ಡಬರಿಯನ್ನು ಎತ್ತಿ, ಸೆರಗಿನಲ್ಲಿ ಒರೆಸಿ, ಅಟ್ಟದ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟಳು. ಅದನ್ನು ಕೊಳ್ಳುವ ದಿನ ಶಿರಸಿಯ ಅಂಗಡಿಗೆ ನಾನೂ ಹೋಗಿದ್ದೆ. ಅಪ್ಪನ ಪರೀಕ್ಷೆಯೇ ಬೇರೆ. ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ದನಿ ಪೂರ್ತಿ ಅಡಗುವವರೆಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅಂಗಡಿಯವನು ಬೆಲೆ ಹೇಳಲು ಬಾಯಿ ತೆರೆದರೆ ಕೈ ಎತ್ತಿ ಸುಮ್ಮನಿರಿಸುತ್ತಿದ್ದರು. ಮನೆಯ ರೇಡಿಯೊ ಕೆಟ್ಟು ಮೂಲೆ ಸೇರಿದಾಗ ಅದರ ಸ್ಪೀಕರಿನ ಬಳೆಯಂಥ ಅಯಸ್ಕಾಂತವನ್ನು ಕಿತ್ತು ನನಗೆ ಕೊಟ್ಟವರೂ ಅವರೇ. ಮಳೆ ನಿಂತ ಮೇಲೆ ಅಗಳದ ಮರಳಿನಲ್ಲಿ ಅದನ್ನು ಎಳೆದಾಡಿದರೆ ಕಪ್ಪು ಹುಡಿ ಮುಳ್ಳು ಮುಳ್ಳಾಗಿ ಎದ್ದು ನಿಲ್ಲುತ್ತಿತ್ತು. ಬೆಂಕಿಪೊಟ್ಟಣದ ತುಂಬ ಕೂಡಿಟ್ಟಿದ್ದೆ. ಏನು ಮಾಡಬೇಕೆಂದು ಗೊತ್ತಿರಲಿಲ್ಲ, ಎಸೆಯಲೂ ಮನಸ್ಸಿರಲಿಲ್ಲ. ಮೊನ್ನೆ ಪರದೆಯ ಅಂಚು ಅಂಗಳದ ಮಣ್ಣಿಗೆ ತಾಗಿ ಅಷ್ಟೂ ಅಯಸ್ಕಾಂತಗಳಿಗೆ ಅದೇ ಕಪ್ಪು ಗಡ್ಡ ಬಂದಿತ್ತು. ಈಗ ಅದನ್ನು ಕೂಡಿಡುವವರಿಲ್ಲ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೂ ಹೋಗುವುದಿಲ್ಲ.

ನಿನ್ನೆಯ ವಿಷಯಕ್ಕೆ ಬರುತ್ತೇನೆ. ಬೆಳಿಗ್ಗೆ ಭಾವ ಯಾರದೋ ಗೃಹಪ್ರವೇಶಕ್ಕೆ ಪಾತ್ರೆ ಕೊಳ್ಳಲು ಪೇಟೆಗೆ ಹೋಗಿದ್ದರು. ಒಂದು ಸಾಲದೆಂದು ನನ್ನ ಪರದೆಯಿಂದ ಐದನ್ನು ಬಿಚ್ಚಿಕೊಂಡು ಹೋಗಿದ್ದಾರೆ. ಪರೀಕ್ಷೆ ಗಟ್ಟಿಯಾಗಿರಲಿ ಎಂದಂತೆ. ಕೇಳಿದರೆ, "ನಿನ್ನ ಕ್ಲಿಪ್ಪು ಹಾಕಿದ್ದ ಕಡೆಯವನ್ನೇ ತೆಗೆದೆ. ಅವು ಹೇಗೂ ಕೆಟ್ಟಿದ್ದವಲ್ಲ? ಬದಲಿಗೆ ಪಿನ್ನು ಹಾಕಿದ್ದೇನೆ, ನೋಡು" ಎಂದರು.

ಕತ್ತಲಾಗುವಾಗ ಹೋಗಿ ನೋಡಿದೆ. ತಲೆಯ ಕಡೆ, ನಾನು ತಿರುಗುಮುರುಗಾಗಿ ಹೊಲಿದಿದ್ದ ಆ ಐದರ ಜಾಗದಲ್ಲಿ ಐದು ಸೇಫ್ಟಿ ಪಿನ್ನುಗಳು. ಅಕ್ಕನ ಬಳೆಯಿಂದ ಕಿತ್ತವು. ಮಲಗಿ ಪರದೆ ಬಿಟ್ಟೆ. ಟಕ ಟಕ ಎಂದು ಎದೆಯವರೆಗೆ ಬಂತು. ಉಸಿರು ಹಿಡಿದೆ. ಅಲ್ಲಿಂದ ಮುಂದಕ್ಕೂ, ಸ್ವಲ್ಪ ಮೆಲುದನಿಯಲ್ಲಿ, ಟಿಕ್ ಟಿಕ್ ಟಿಕ್ ಎಂದು ತುದಿಯವರೆಗೆ ಮುಚ್ಚಿಕೊಂಡಿತು. ಬರೀ ಪಿನ್ನಿಗೆ ಉತ್ತರವೂ ಇಲ್ಲ, ದಕ್ಷಿಣವೂ ಇಲ್ಲ. ಎದುರಿನ ಅಯಸ್ಕಾಂತ ಯಾವ ಮುಖ ತೋರಿಸಿದರೂ ಹೋಗಿ ಅಂಟಿಕೊಳ್ಳುತ್ತದೆ. ಒಂದು ಸೊಳ್ಳೆಯೂ ಒಳಗೆ ಬರಲಿಲ್ಲ. ಎರಡು ಗಂಟೆಗೆ ಎದ್ದು ಹೋಗಿ ಬಂದೆ, ಪರದೆ ಸದ್ದಿಲ್ಲದೆ ದಾರಿ ಕೊಟ್ಟಿತು.

ಇವತ್ತು ಬೆಳಿಗ್ಗೆ ದೋಸೆಗೆ ಕುಳಿತಾಗ ಭಾವ ಕೇಳಿದರು, "ಹೇಗೆ, ನಿದ್ದೆ ಬಂತೇ?"

ಸೆಕೆಯಿತ್ತು ಎಂದೆ.