ಪರದೆಯ ಮೇಲೊಂದು ಪರದೇಶಿ ಮೇಜು

ಕಂಪ್ಯೂಟರಿನಲ್ಲಿ ಫೋಲ್ಡರ್ ಅಂದರೆ ಹಳದಿ ಬಣ್ಣದ್ದು, ಮೇಲೆ ಒಂದು ಪುಟ್ಟ ಕಿವಿ ಎದ್ದಿರುವಂಥದ್ದು. ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಇಂಥದ್ದನ್ನು ಯಾರಾದರೂ ನೋಡಿದ್ದೀರಾ? ಅಲ್ಲಿರುವುದು ರಟ್ಟಿನ ಫೈಲು, ಅದಕ್ಕೊಂದು ಲಾಡಿ, ಲಾಡಿಗೊಂದು ಗಂಟು. ಆ ಗಂಟು ಬಿಚ್ಚಿಸುವುದು ಬೇರೆಯದೇ ಕಥೆ. ಕಸದ ಡಬ್ಬಿಯೂ ಅಷ್ಟೇ. ಆ್ಯಪಲ್ ಕಂಪನಿಯ ಮೊದಲ ಮ್ಯಾಕಿಂಟಾಷ್ ಕಂಪ್ಯೂಟರಿನಲ್ಲಿದ್ದದ್ದು ಮೈತುಂಬ ಉದ್ದ ಗೆರೆ, ತಲೆಗೊಂದು ಮುಚ್ಚಳ ಇರುವ ಡಬ್ಬಿ. ಅಮೆರಿಕದ ಮನೆಗಳ ಹೊರಗೆ ಇಡುತ್ತಿದ್ದಂಥದ್ದು. ನಮ್ಮಲ್ಲಿ ಎಷ್ಟೋ ಜನ ಇವನ್ನೆಲ್ಲ ಮೊದಲು ಕಂಡದ್ದೇ ಪರದೆಯ ಮೇಲೆ.

ಮೇಜು ಅಮೆರಿಕದವರದು, ಹಾಗಾಗಿ ಸಾಮಾನೂ ಅವರದು. 1981ರಲ್ಲಿ ಜೆರಾಕ್ಸ್ ಕಂಪನಿ ಸ್ಟಾರ್ ಎಂಬ ಕಂಪ್ಯೂಟರ್ ತಂದಿತು. (ನಮಗೆ ಜೆರಾಕ್ಸ್ ಅಂದರೆ ಕಂಪನಿಯಲ್ಲ, ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿ.) ಆಫೀಸಿನವರಿಗೆ ಹೊಸದು ಅನ್ನಿಸದಿರಲಿ ಅಂತ ಅವರ ಮೇಜನ್ನೇ ಪರದೆಗೆ ಎತ್ತಿಟ್ಟರು. ಮೂಲೆ ಮಡಚಿದ ಕಾಗದ, ಫೋಲ್ಡರು, ಬರುವ ಟಪಾಲಿಗೊಂದು ತಟ್ಟೆ, ಹೋಗುವುದಕ್ಕೊಂದು.

1984ರ ಮ್ಯಾಕಿಂಟಾಷ್‌ಗೆ ಚಿತ್ರ ಬರೆದವರು ಸೂಸನ್ ಕೇರ್. ಶುರು ಮಾಡಿದ್ದು ಚೌಕುಳಿ ಪುಸ್ತಕದಲ್ಲಿ. ಅಡ್ಡ 32, ಉದ್ದ 32, ಒಟ್ಟು 1024 ಚೌಕ. ಪ್ರತಿ ಚೌಕವೂ ಕಪ್ಪು, ಇಲ್ಲವೇ ಬಿಳಿ. ಅರ್ಧ ತುಂಬುವ ಹಾಗಿಲ್ಲ. ಧಾರವಾಡದ ಕಡೆ ಎಳೆ ಎಣಿಸಿ ಕಸೂತಿ ಹಾಕುವವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಾಗಿಲ್ಲ. ಗೋಪುರ, ತೇರು ಸಲೀಸು. ದುಂಡಗಿನದು ಬಂದರೆ ಅಂಚೆಲ್ಲ ಮೆಟ್ಟಿಲು ಮೆಟ್ಟಿಲು! ಕೇರ್‌ಗೂ ಸೂಜಿ ಕೆಲಸ ಗೊತ್ತಿತ್ತು.

ಯಂತ್ರ ಪೂರ್ತಿ ಕೆಟ್ಟು ನಿಂತಾಗ ತೋರಿಸಲು ಬತ್ತಿ ಹೊತ್ತಿದ ಬಾಂಬ್ ಬರೆದರು. ಇದು ಯಾರ ಕಣ್ಣಿಗೂ ಬೀಳೋದಿಲ್ಲ ಬಿಡಿ ಅಂತ ಎಂಜಿನಿಯರುಗಳು ಹೇಳಿದ್ದರಂತೆ. ಬಿತ್ತು. ಕಂಪ್ಯೂಟರ್ ಸಿಡಿಯುತ್ತಾ ಅಂತ ಫೋನ್ ಮಾಡಿ ಕೇಳಿದವರೂ ಇದ್ದರು.

ಸೇವ್ ಗುಂಡಿಯ ಮೇಲಿರುವ ಫ್ಲಾಪಿ ಡಿಸ್ಕಿನ ಕಥೆ ಎಲ್ಲರೂ ಹೇಳಿ ಹಳಸಿದೆ, ಬಿಡೋಣ. ನನಗೆ ಇಷ್ಟ ಮ್ಯಾಕ್ ಕೀಲಿಮಣೆಯ ಕಮಾಂಡ್ ಕೀಲಿಯಲ್ಲಿ ನಾಲ್ಕು ಮೂಲೆಗೂ ಕುಣಿಕೆ ಇರುವ ಗುರುತು (⌘). ಆ ಕೀಲಿಗೂ, ಮೆನುವಿನಲ್ಲಿ ಅದನ್ನು ತೋರಿಸುವ ಕಡೆಗೂ ಮೊದಲು ಕಂಪನಿಯ ಗುರುತಾದ ಸೇಬಿನ ಚಿತ್ರವಿತ್ತು. ಮೆನು ತುಂಬ ಸೇಬು ಜಾಸ್ತಿಯಾಯಿತು ಅಂತ ಆ್ಯಪಲ್ ಕಟ್ಟಿದವರಲ್ಲೊಬ್ಬರಾದ ಸ್ಟೀವ್ ಜಾಬ್ಸ್ ಗೊಣಗಿದ್ದಕ್ಕೆ ಕೇರ್ ಚಿಹ್ನೆಗಳ ಪುಸ್ತಕ ತೆಗೆದು ಹುಡುಕಿದರು. ಸಿಕ್ಕಿದ್ದು ಸ್ವೀಡನ್ನಿನಲ್ಲಿ ನೋಡತಕ್ಕ ಜಾಗ ತೋರಿಸುವ ಗುರುತು. ಅದನ್ನು ನೋಡಿ ಕಲಿಯೋಕೆ ಯಾರ ಮೇಜೂ ಗೊತ್ತಿರಬೇಕಾಗಿಲ್ಲ. ಅಮೆರಿಕದವರಿಗೂ ಹೊಸದು, ನಮಗೂ ಹೊಸದು. ಎಲ್ಲರೂ ಒಂದೇ ಕ್ಲಾಸಿನ ಹುಡುಗರು.

ನಮ್ಮಮ್ಮನಿಗಂತೂ ಚಿತ್ರ ಯಾವ ದೇಶದ್ದಾದರೂ ಒಂದೇ. ಅವರು ಚಿತ್ರ ನೋಡುವುದೇ ಇಲ್ಲ, ಜಾಗ ನೋಡುತ್ತಾರೆ. ದುಡ್ಡು ಕಳಿಸೋದು ಎರಡನೇ ಸಾಲಿನ ಕೊನೇದು, ಅಷ್ಟೇ ಲೆಕ್ಕ. ಮೊನ್ನೆ ಮೊಬೈಲ್ ಅದಾಗಿ ಅದೇ ಅಪ್‌ಡೇಟ್ ಆಗಿ ಎಲ್ಲ ಅದಲು ಬದಲು. ಕೂಡಲೇ ಫೋನು: "ಯಾರೋ ನನ್ನ ಮೊಬೈಲ್ ಒಳಗೆ ಕೈ ಹಾಕಿದಾರೆ ಕಣೋ!" ಹೋಗಿ ನೋಡಿದರೆ ಆ್ಯಪ್ ಮೂರನೇ ಸಾಲಿನಲ್ಲಿತ್ತು, ಬಣ್ಣವೂ ಬೇರೆ. ಎಳೆದು ಹಳೇ ಜಾಗಕ್ಕೆ ತಂದಿಟ್ಟೆ. ಬಣ್ಣ ಬದಲಾಗಿದ್ದನ್ನು ಅವರು ಇನ್ನೂ ಗಮನಿಸಿಲ್ಲ. ಹಾಲಿನವರ ದುಡ್ಡು ಮಾತ್ರ ಸರಿಯಾಗಿ ಹೋಗುತ್ತಿದೆ.