ಮುಸ್ಸಂಜೆಯ ಬೆಳಕು ಎಡಿಟಿಂಗ್‌ನಲ್ಲಿ ಹುಟ್ಟುವುದಿಲ್ಲ

ಸಿನಿಮೀಯ ಚಿತ್ರದ, ಅಂದರೆ ಸಿನಿಮಾ ದೃಶ್ಯದಂತೆ ಏರ್ಪಡಿಸಿ ತೆಗೆದ ಫೋಟೋದ ಚೆಲುವೆಲ್ಲ ಕಲರ್ ಗ್ರೇಡಿಂಗ್‌ನದು (ತೆಗೆದ ಮೇಲೆ ಎಡಿಟಿಂಗ್‌ನಲ್ಲಿ ಬಣ್ಣ ತಿದ್ದುವುದು), ಆ ಚೆಲುವು ದೃಶ್ಯದ ನೋವನ್ನು ಮುಚ್ಚಿಬಿಡುತ್ತದೆ ಎಂದು ಲೇಖನವೊಂದು ಹೇಳುತ್ತದೆ. ಆ ಮಾತನ್ನು ಒಪ್ಪಲಾರೆ. ಮುಸ್ಸಂಜೆಯ ಕೋಣೆಯ ದೃಶ್ಯವನ್ನೇ ತೆಗೆದುಕೊಳ್ಳಿ. ಕಿಟಕಿಯಾಚೆಯ ಆಕಾಶ ಒಳಗಿನ ಬೆಳಕಿಗಿಂತ ಒಂದು, ಒಂದೂವರೆ ಸ್ಟಾಪ್‌ನಷ್ಟು (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ) ಮಂಕಾಗಿರುವುದು ಕೆಲವೇ ನಿಮಿಷ. ಅಷ್ಟರೊಳಗೆ ಟ್ರೈಪಾಡ್, ಫ್ರೇಮ್, ಪಾತ್ರಧಾರಿಯ ಜಾಗ ಎಲ್ಲವೂ ನಿಗದಿಯಾಗಿರಬೇಕು. ಟೇಬಲ್ ಲ್ಯಾಂಪಿನ ಬೆಳಕು ಸಾಲದೆ ಫ್ಲ್ಯಾಶ್ ಬಳಸುವುದಾದರೆ ಅದು ಲ್ಯಾಂಪಿನ ದಿಕ್ಕಿನಿಂದಲೇ ಬರಬೇಕು. ಅದಕ್ಕೆ ಫುಲ್ ಸಿಟಿಒ ಜೆಲ್ (ಬೆಳಕನ್ನು ಕಿತ್ತಳೆಯಾಗಿಸುವ ಪಾರದರ್ಶಕ ಹಾಳೆ) ಹಾಕಿ, ಫ್ಲ್ಯಾಶಿನ ಬಿಳಿ ಬೆಳಕಿನ 5500 ಕೆಲ್ವಿನ್ ಬಣ್ಣದ ತಾಪವನ್ನು ಲ್ಯಾಂಪಿನ ಹಳದಿ ಬೆಳಕಿನಂತೆ 2900ರ ಹತ್ತಿರಕ್ಕೆ ಇಳಿಸಬೇಕು. ಜೆಲ್ ಇಲ್ಲದಿದ್ದರೆ ಮುಖ ಬಿಳಚಿಕೊಂಡು, ಆಳನ್ನು ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಚೆಲುವು ದೃಶ್ಯದ ನೋವನ್ನು ಮುಚ್ಚುತ್ತದೆ ಎನ್ನುವುದೂ ಸರಿಯಲ್ಲ, ನೋಡುಗನನ್ನು ಆ ನೋವಿನ ಮುಂದೆ ನಿಲ್ಲಿಸುವುದೇ ಅದು. ಆದರೆ ಫ್ಲ್ಯಾಶ್ ಲ್ಯಾಂಪಿನ ದಿಕ್ಕು ತಪ್ಪಿ, ಮೂಗಿನಿಂದ ಎರಡು ನೆರಳು ಎರಡು ಕಡೆಗೆ ಬಿದ್ದರೆ ನಂಬಿಕೆ ಅಲ್ಲೇ ಮುರಿಯುತ್ತದೆ, ಅದನ್ನು ಯಾವ ಗ್ರೇಡಿಂಗೂ ಸರಿಪಡಿಸದು.