ಅದು ಬೇರೆ ತಾಮ್ರ ಮಾರಾಯ

ನಮ್ಮನೇಲಿ ಈಗ ತಾಮ್ರದ ಬಾಟಲಿ ಒಟ್ಟು 11 ಇದಾವೆ. ಒಂದನ್ನೂ ನಾವು ದುಡ್ಡು ಕೊಟ್ಟು ತಂದಿಲ್ಲ. ಗೃಹಪ್ರವೇಶಕ್ಕೆ ಹೋದ್ರೆ ಒಂದು, ಉಪನಯನಕ್ಕೆ ಹೋದ್ರೆ ಒಂದು, ಸೊಸೈಟಿ ಸಭೇಲಿ ಹಿಂದಿನ ಸಾಲಲ್ಲಿ ಕೂತು ನಿದ್ದೆ ಮಾಡಿ ಬಂದ್ರೂ ಒಂದು. ಮೊದ್ಲೆಲ್ಲ ಸ್ಟೀಲ್ ಡಬ್ಬಿ ಕೊಡ್ತಿದ್ರು, ಸಾಸಿವೆನಾದ್ರೂ ಹಾಕಿಡಬಹುದಿತ್ತು. "ಗಂಗಾ ಸ್ನಾನ, ತುಂಗಾ ಪಾನ" ಅಂತ ಕೇಳ್ಕೊಂಡು ಬೆಳೆದ ಶಿವಮೊಗ್ಗದೋರು ನಾವು, ಈಗ ಆ ತುಂಗೆಗೂ ಒಂದು ರಾತ್ರಿ ತಾಮ್ರದೊಳಗೆ ಮಲಗಿ ಎದ್ದು ಬರದಿದ್ರೆ ಮರ್ಯಾದೆ ಇಲ್ಲ.

ಸುಳ್ಳು ಯಾಕೆ ಹೇಳ್ಬೇಕು, ತಾಮ್ರದಲ್ಲಿ ನೀರಿಟ್ರೆ ಒಂದಷ್ಟು ಬ್ಯಾಕ್ಟೀರಿಯಾ ಸಾಯೋದು ನಿಜ. ಮೈಗೂ ತಾಮ್ರ ಬೇಕು, ಆದ್ರೆ ಎಷ್ಟು? ದಿನಕ್ಕೆ ಒಂದೆರಡು ಮಿಲಿಗ್ರಾಂ ಸಾಕು, ಕಾಳು-ಬೇಳೆ ಉಣ್ಣೋರಿಗೆ ಅದು ಊಟದಲ್ಲೇ ಸಿಗುತ್ತೆ. ಇದನ್ನ ನಮ್ಮ ತೀರ್ಥಹಳ್ಳಿ ಕಡೆ ದೊಡ್ಡಪ್ಪಂಗೆ ಹೇಳೋರು ಯಾರು? ಬೆಳಿಗ್ಗೆ ಎದ್ದ ತಕ್ಷಣ ತಾಮ್ರದ ನೀರು, ಮಂಡಿನೋವಿಗೆ ಕೈಗೆ ತಾಮ್ರದ ಬಳೆ. 2013ರಲ್ಲಿ ಇಂಗ್ಲೆಂಡಿನ ಯಾರ್ಕ್ ಯೂನಿವರ್ಸಿಟಿಯೋರು 70 ಜನ ಸಂಧಿವಾತದೋರಿಗೆ ತಾಮ್ರದ ಬಳೆ ತೊಡಿಸಿ ನೋಡಿ, ಇದ್ರಿಂದ ಏನೂ ಆಗ್ಲಿಲ್ಲ ಅಂದ್ರು ಅಂತ ಹೇಳಿದ್ದಕ್ಕೆ "ಅವರ ಮಂಡಿ ಬೇರೆ" ಅಂದ್ರು.

ಹೋದ ಬೇಸಿಗೇಲಿ ಯಾವ್ದೋ ಊಟದ ಮನೇಲಿ ಮಾವಿನಕಾಯಿ ಅಪ್ಪೆಹುಳಿನ ತಾಮ್ರದ ಲೋಟದಲ್ಲಿ ಬಡಿಸಿದ್ರು, ಎಲ್ಲಾ ಸಾಂಪ್ರದಾಯಿಕ ಅಂತೆ. ಬೆಳಿಗ್ಗೆನೇ ಹುಯ್ದಿಟ್ಟಿದ್ರೋ ಏನೋ, ಒಂದು ಗುಟುಕು ಕುಡಿದ್ರೆ ನಾಲಿಗೆ ಮೇಲೆ ಹತ್ತು ಪೈಸೆ ನಾಣ್ಯ ಇಟ್ಟ ಹಾಗೆ. ಪಕ್ಕದಲ್ಲಿ ಕೂತೋರು ಎರಡು ಲೋಟ ಕುಡಿದು, ಪಾಯಸ ಬರೋ ಹೊತ್ತಿಗೆ ಹಿತ್ತಲು ಸೇರಿದ್ರು. ಹುಳಿ ತಾಗಿದ್ರೆ ತಾಮ್ರ ಬಿಡುತ್ತೆ, ಜಾಸ್ತಿ ಆದ್ರೆ ವಾಂತಿ ಗ್ಯಾರಂಟಿ. ಅಜ್ಜಿ ಕಾಲದಲ್ಲಿ ಕಲಾಯಿ ಹಾಕೋನು ವರ್ಷ ವರ್ಷ ಮನೆ ಬಾಗಿಲಿಗೆ ಬಂದು, ತಿದಿ ಒತ್ತಿ, ಪಾತ್ರೆ ಒಳಗೆಲ್ಲ ತವರ ಸವರಿ ಬೆಳ್ಳಗೆ ಮಾಡಿ ಹೋಗ್ತಿದ್ದಿದ್ದು ಚಂದಕ್ಕಾ? ಹುಳಿಗೂ ತಾಮ್ರಕ್ಕೂ ಭೇಟಿ ಆಗ್ಬಾರ್ದು ಅಂತ. ನಮ್ಮೋರು ಈಗ ಸಂಪ್ರದಾಯದ ಪಾತ್ರೆ ತಂದ್ರು, ಕಲಾಯಿನ ಅಲ್ಲೇ ಬಿಟ್ಟು ಬಂದ್ರು. ಹಿಂದೆ ಪುಟ್ಟ ಮಕ್ಕಳ ಲಿವರು ಗಟ್ಟಿಯಾಗಿ ಸಾಯ್ತಿದ್ದ ಒಂದು ಕಾಯಿಲೆ ನಮ್ಮ ದೇಶದಲ್ಲೇ ಜಾಸ್ತಿ ಇತ್ತು, ಹುಡುಕ್ತಾ ಹೋದ್ರೆ ಹಿತ್ತಾಳೆ, ತಾಮ್ರದ ಪಾತ್ರೇಲಿ ಕಾಸಿಟ್ಟ ಹಾಲಿನ ಮೇಲೆ ಅನುಮಾನ ಬಂತು, ಸ್ಟೀಲ್ ಪಾತ್ರೆ ಬಂದ್ಮೇಲೆ ಕಾಯಿಲೆನೂ ಹೆಚ್ಚುಕಮ್ಮಿ ಕಾಣೆ ಆಯ್ತು. ಇದು ಯಾವ ಫ್ಯಾಮಿಲಿ ಗ್ರೂಪಲ್ಲೂ ಫಾರ್ವರ್ಡ್ ಆಗಲ್ಲ ಬಿಡಿ.

ಇನ್ನೊಂದು ಹೇಳಿದ್ರೆ ಊರಿಗೇ ಸೇರಿಸಲ್ಲ, ಆದ್ರೂ ಹೇಳ್ತೀನಿ. ದೊಡ್ಡಪ್ಪ ದಿನಕ್ಕೆ ಎಂಟು ಹತ್ತು ಎಲೆ-ಅಡಿಕೆ ಕವಳ ಹಾಕ್ತಾರಲ್ಲ, ಆ ಅಡಿಕೇಲೇ ಬೇಕಾದಷ್ಟು ತಾಮ್ರ ಇದೆ. ಬಾಯೊಳಗೆ ನಾರು ಗಟ್ಟಿ ಮಾಡೋ ಒಂದು ಎಂಜೈಮಿಗೆ ಆ ತಾಮ್ರನೇ ಕುಮ್ಮಕ್ಕು ಅಂತಾರೆ, ಕೆನ್ನೆ ಒಳಗೆ ಹಲಗೆ ಹಾಗಾಗಿ ಕೊನೆಗೆ ಬಾಯಿ ಎರಡು ಬೆರಳು ಹೋಗೋವಷ್ಟೂ ತೆರೆಯಲ್ಲ. ವಿಶ್ವಸಂಸ್ಥೆ ಕಡೆಯ ಕ್ಯಾನ್ಸರ್ ಸಂಸ್ಥೆ 2004ರಲ್ಲೇ ಅಡಿಕೆನ ಕ್ಯಾನ್ಸರ್‌ಕಾರಕ ಅಂತ ಬರೆದು ಆಗಿದೆ. ನಮ್ಮನೆ ಅನ್ನನೂ ಅಡಿಕೆದೇ, ಅದಕ್ಕೆ ಇಲ್ಲಿಗೆ ನಿಲ್ಲಿಸ್ತೀನಿ.

ಇಷ್ಟೆಲ್ಲ ಲೋಹಪ್ರೇಮ ಇರೋ ಮನೇಲಿ ಬಸುರಿ ಅತ್ತಿಗೆಗೆ ಹಿಮೋಗ್ಲೋಬಿನ್ ಬರೀ 8. ಆಶಾ ಕಾರ್ಯಕರ್ತೆ ಕೊಟ್ಟು ಹೋದ ಕೆಂಪು ಮಾತ್ರೆ, ಒಂದೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, ಫ್ರಿಡ್ಜ್ ಮೇಲೆ ಹಾಗೇ ಕೂತಿದೆ. ಯಾಕಂದ್ರೆ "ಅದು ಉಷ್ಣ", "ಮಗು ಕಪ್ಪಾಗುತ್ತೆ", ಎಲ್ಲಕ್ಕಿಂತ ಮೇಲೆ "ಕೆಮಿಕಲ್ಲು". ಕಪ್ಪಾಗೋದು ಬೆಳಿಗ್ಗೆ ಹೊರಗೆ ಹೋಗೋದು ಮಾತ್ರ ಕಣ್ರಿ, ಮಗು ಅಲ್ಲ. ಪಕ್ಕದ ಭದ್ರಾವತೀಲಿ 1923ರಿಂದ ಕಬ್ಬಿಣ ಕರಗಿಸಿದ ಜಿಲ್ಲೆ ಇದು, ಕೆಮ್ಮಣ್ಣುಗುಂಡಿ ಬೆಟ್ಟನೇ ಅಗೆದು ತಂದು ಸುರಿದ್ವಿ, ಮನೆ ಹೆಣ್ಮಕ್ಕಳ ರಕ್ತಕ್ಕೆ ಮಾತ್ರ ಒಂದು ಚಿಟಿಕೆ ತಲುಪಿಸೋಕೆ ಆಗ್ಲಿಲ್ಲ. ದೇಶದಲ್ಲಿ ನೂರಕ್ಕೆ 57 ಹೆಂಗಸರಿಗೆ ರಕ್ತಹೀನತೆ ಅಂತ 2019-21ರ ಸರ್ಕಾರದ ಸರ್ವೇನೇ ಹೇಳಿತ್ತು. ಅಪ್ಪಿತಪ್ಪಿ ಅತ್ತಿಗೆ ಮಾತ್ರೆ ನುಂಗಿದ್ರೂ ಹಿಂದೇನೇ ದೊಡ್ಡಮ್ಮ ಒಂದು ಲೋಟ ಕಾಫಿ ಕೊಡ್ತಾರೆ, ಆ ಕಾಫಿ ಕಬ್ಬಿಣನ ಮೈಗೆ ಸರಿಯಾಗಿ ಹತ್ತೋಕೆ ಬಿಡಲ್ಲ.

ಮೊನ್ನೆ ಮಳೆ ಹಿಡಿಯೋಕೆ ಮುಂಚೆ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸ್ತಿದ್ರು, ಹೋಗಿದ್ದೆ. ದೊಡ್ಡಪ್ಪ ತಕ್ಕಡಿ ಇಟ್ಕೊಂಡು ಕೂತಿದ್ರು. 1 ಕೆಜಿ ಮೈಲುತುತ್ತ (ಅದೂ ತಾಮ್ರದ್ದೇ ಉಪ್ಪು), 1 ಕೆಜಿ ಸುಣ್ಣ, 100 ಲೀಟರ್ ನೀರು, ಒಂದು ಹಿಡಿ ಆಚೆ ಈಚೆ ಆಗಂಗಿಲ್ಲ. ಕಲಸಿ ಆದ್ಮೇಲೆ ಕಬ್ಬಿಣದ ಚಾಕು ಡ್ರಮ್ಮೊಳಗೆ ಅದ್ದಿ, ಎತ್ತಿ, ಬೆಳಕಿಗೆ ಹಿಡಿದ್ರು. ಅಲಗಿನ ಮೇಲೆ ತೆಳ್ಳಗೆ ಕೆಂಪು ಕೂತಿತ್ತು.

"ತಾಮ್ರ ಜಾಸ್ತಿ ಉಳ್ಕೊಂಡಿದೆ, ಸುಣ್ಣ ಹಾಕೋ, ಇಲ್ದಿದ್ರೆ ಹಿಂಗಾರ ಸುಟ್ಟುಹೋಗುತ್ತೆ" ಅಂತ ಆಳಿಗೆ ಕೂಗಿದ್ರು. ಕೂಗಿ ಗಂಟಲು ಒಣಗಿತೇನೋ, ಪಕ್ಕದಲ್ಲಿದ್ದ ತಾಮ್ರದ ಬಾಟಲಿ ಬಿರಡೆ ತಿರುಗಿಸಿದ್ರು. ನಿಂಬೆ ಹುಳಿ ವಾಸನೆ ಬಂತು.

"ದೊಡ್ಡಪ್ಪ, ಅದಕ್ಕೂ ಒಂದ್ಸಲ ಚಾಕು ಅದ್ದಿ ನೋಡಣ?" ಅಂದೆ.

ಪೂರ್ತಿ ಗಟಗಟ ಕುಡಿದು, ಬಾಯಿ ಒರೆಸ್ಕೊಂಡು, ಒಂದು ಕವಳ ಮಡಚ್ತಾ ಅಂದ್ರು, "ಅದು ಬೇರೆ ತಾಮ್ರ ಮಾರಾಯ."